ಏಲಕ್ಕಿ ಗೂಡಿನಲ್ಲಿ ಒಣಗಿದ ಟಾಟಾ ಎಸ್ಟೇಟ್ ಕಾರು

ತುಕ್ಕು ತಿಂದ ಕಾರನ್ನು ಕೊಡಗಿನಲ್ಲಿ, ಅದೂ ಮನೆಯಲ್ಲಿ ಇಟ್ಟುಕೊಂಡು ಸರಿ ಮಾಡಲು ಆಗಲ್ಲ ಅಂದವರು ಒಬ್ಬಿಬ್ಬರಲ್ಲ. ಸೋಮವಾರಪೇಟೆಯ ಟಿಂಕರ್, ಕುಶಾಲನಗರದ ಪೇಂಟರ್, ನಮ್ಮ ಭಾವ, ಎಲ್ಲರದೂ ಒಂದೇ ಮಾತು. "ಕೆ.ಜಿ. ಲೆಕ್ಕದಲ್ಲಿ ಗುಜರಿಗೆ ಹಾಕು ಮಾರಾಯ, ಸುಮ್ನೆ ದುಡ್ಡು ಸುರೀಬೇಡ" ಅಂತ ಭಾವ ಅಂಗಳದಲ್ಲೇ ನಿಂತು ಹೇಳಿದರು. ಆದರೂ ಮನೆಯಲ್ಲೇ ಸರಿ ಮಾಡಿದೆ. ಆಮೇಲೆ ಆ ಗಾಡಿ ಮೂರು ಮಳೆಗಾಲ ಕಂಡಿದೆ. ಹೋದ ವಾರ ಸಿಲ್ (ಬಾಗಿಲ ಕೆಳಗಿನ ಟೊಳ್ಳು ಪಟ್ಟಿ) ಒಳಗೆ ಮೊಬೈಲಿಗೆ ಹಾಕುವ ಪೈಪ್ ಕ್ಯಾಮೆರಾ ಬಿಟ್ಟು ನೋಡಿದೆ. ಪ್ರೈಮರ್ ಹಾಕಿದ ದಿನ ಹೇಗಿತ್ತೋ ಹಾಗೇ ಇದೆ. ಈಗ ಧೈರ್ಯವಾಗಿ ಬರೆಯಬಹುದು.

ಗಾಡಿ 1994ರ ಟಾಟಾ ಎಸ್ಟೇಟ್, ಹಿಂದೆ ಸಾಮಾನಿಗೆ ಜಾಗ ಇರುವ ಉದ್ದ ಕಾರು. ಈ ಮಾಡೆಲ್ ಮೊದಲು ಬಂದದ್ದು 1992ರಲ್ಲಿ, ಪವರ್ ಸ್ಟೀರಿಂಗು, ಪವರ್ ವಿಂಡೋ ಎಲ್ಲಾ ಇದ್ದದ್ದು. ಕೆಳಗಿರುವುದು ಟಾಟಾಮೊಬೈಲ್ ಪಿಕಪ್ಪಿನ ಚಾಸಿ, ಎಂಜಿನ್ ಹಳೆ ಸುಮೋದಲ್ಲಿರುವ ಅದೇ 1948 ಸಿಸಿ ಡೀಸೆಲ್. ಹಾಗಾಗಿ ಎಂಜಿನ್ ಬಗ್ಗೆ ನನಗೆ ಚಿಂತೆಯೇ ಇರಲಿಲ್ಲ. ಸುಮೋ ಸಾಮಾನು ಈಗಲೂ ಸಿಗುತ್ತದೆ, ಕೈ ಗೊತ್ತಿರುವ ಮೆಕ್ಯಾನಿಕ್‌ಗಳೂ ಇದ್ದಾರೆ. ಕಷ್ಟ ಇರುವುದು ಬಾಡಿಯಲ್ಲಿ. ಇದರ ಒಂದು ಸಿಲ್ ಪಟ್ಟಿ, ಒಂದು ಫೆಂಡರ್ ಹೊಸದು ಎಲ್ಲೂ ಸಿಗಲ್ಲ.

ಮಾದಾಪುರದ ಕಡೆಯ ಒಂದು ತೋಟದಲ್ಲಿ ನಿಂತಿತ್ತು. 45 ಸಾವಿರಕ್ಕೆ ಮಾತಾಯಿತು. ಮೇಲಿಂದ ನೋಡಿದರೆ ಅಷ್ಟೇನೂ ಹಾಳಾಗಿರಲಿಲ್ಲ. ಅಯಸ್ಕಾಂತ ಇಟ್ಟು ನೋಡಿದರೆ ಹಿಂದಿನ ಚಕ್ರದ ಕಮಾನಿನಲ್ಲಿ ಎಲ್ಲೂ ಹಿಡಿಯಲಿಲ್ಲ. ಕೆರೆದಾಗ ಬೆರಳು ದಪ್ಪದ ಪುಟ್ಟಿ, ಅದರ ಹಿಂದೆ ಮಡಚಿ ತುರುಕಿದ ಗೊಬ್ಬರದ ಚೀಲ. ಯಾರೋ ಟಿಂಕರ್ ತೂತಿಗೆ ಚೀಲ ಒತ್ತಿ, ಮೇಲೆ ಪುಟ್ಟಿ ಎಳೆದು ಬಣ್ಣ ಹೊಡೆದಿದ್ದ. ಒಳಗಿನ ಸಿಲ್ ಬೆರಳಲ್ಲಿ ಒತ್ತಿದರೆ ಹಪ್ಪಳದ ಹಾಗೆ ಪುಡಿಯಾಗುತ್ತಿತ್ತು.

ಹಿಂದಿನ ಫ್ಲೋರ್ ಕಥೆ ಬೇರೆ. ರಬ್ಬರ್ ಮ್ಯಾಟ್ ಕಿತ್ತು ಕೆರೆದರೆ ತುಕ್ಕಿನ ಮಧ್ಯೆ ಅಲ್ಲಲ್ಲಿ ಕೆಂಪಗೆ ಹೊಳೆಯುವ ತೆಳು ಪದರ. ಅದು ತಾಮ್ರ. ಮೈಲುತುತ್ತಕ್ಕೆ (ತಾಮ್ರದ ಸಲ್ಫೇಟ್) ಸುಣ್ಣ ಬೆರೆಸಿ ಗಿಡದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಮಾಡಿ ಕತ್ತಿ ಅದ್ದಿ ನೋಡುತ್ತೇವಲ್ಲ, ಸುಣ್ಣ ಕಡಿಮೆಯಾಗಿದ್ದರೆ ಕತ್ತಿ ಮೇಲೆ ಕೆಂಪು ಬರುತ್ತದಲ್ಲ, ಅದೇ ಕೆಂಪು. ಈ ಗಾಡಿಯಲ್ಲಿ ವರ್ಷಗಟ್ಟಲೆ ಮೈಲುತುತ್ತ ಸಾಗಿಸಿದ್ದಾರೆ. ಚೀಲ ಒಡೆದು ಚೆಲ್ಲಿದ್ದು ಮ್ಯಾಟ್ ಕೆಳಗೆ ಸೇರಿ, ಒದ್ದೆಯಾಗಿ, ತನ್ನ ತಾಮ್ರ ಬಿಟ್ಟು ಅಲ್ಲಿನ ಕಬ್ಬಿಣ ಕರಗಿಸಿದೆ. ಜೊತೆಗೆ ಪೊಟ್ಯಾಷ್ ಗೊಬ್ಬರ. ಅದೂ ಉಪ್ಪೇ, ಗಾಳಿಯ ತೇವ ಎಳೆದುಕೊಂಡು ಯಾವಾಗಲೂ ಒದ್ದೆ ಇರುತ್ತದೆ. ತೋಟದವರು ಹಳೆ ಗಾಡಿ ಕೊಳ್ಳುವಾಗ ಬಾನೆಟ್ ಎತ್ತಿ ನೋಡುವ ಮೊದಲು ಹಿಂದಿನ ಮ್ಯಾಟ್ ಎತ್ತಿ ನೋಡಿ.

ಮೈಸೂರಿನ ಒಂದು ಗ್ಯಾರೇಜಿನಲ್ಲಿ ಬಾಡಿ ಕೆಲಸಕ್ಕೇ ನಾಲ್ಕೂವರೆ ಲಕ್ಷ ಕೇಳಿದರು, ತುಕ್ಕು ಮತ್ತೆ ಬಂದರೆ ತಮ್ಮ ಜವಾಬ್ದಾರಿ ಅಲ್ಲ ಅಂತಲೂ ಹೇಳಿದರು. ಸ್ಥಳೀಯ ಟಿಂಕರ್ ಒಬ್ಬರಿಗೆ ಒಂದು ಬಾಗಿಲು ಮಾತ್ರ ಕೊಟ್ಟು ನೋಡಿದೆ. ಮನೆ ಚಾವಣಿಯ ಜಿಂಕ್ ಶೀಟ್ ತುಂಡು ಇಟ್ಟು ಗ್ಯಾಸ್ ವೆಲ್ಡಿಂಗ್ ಮಾಡಿದರು. ಸತು ಸುಟ್ಟು ಬೆಳ್ಳಗೆ ಹೊಗೆ, ವೆಲ್ಡಿಂಗ್ ತುಂಬಾ ತೂತು, ಬಾಗಿಲು ಸೊಟ್ಟ. ಹಳೆ ತಗಡಿನ ಮೇಲೆ ಹೊಸ ತಗಡು ಕೂರಿಸಿದ್ದರಿಂದ ಎರಡರ ಮಧ್ಯೆ ನೀರು ನಿಂತು, ಒಂದೇ ಮಳೆಗಾಲದಲ್ಲಿ ಅಂಚು ಉಬ್ಬಿತು. ನಾಲ್ಕು ಸಾವಿರ ಹೋಯಿತು. ಅಲ್ಲಿಂದ ಮುಂದೆ ಎಲ್ಲಾ ಮನೆಯಲ್ಲೇ.

ಕತ್ತರಿಸುವುದು, ವೆಲ್ಡ್ ಮಾಡುವುದು ನಿಮಗೆಲ್ಲ ಗೊತ್ತಿರುವ ಕೆಲಸ. ಎರಡು ಮಾತು ಮಾತ್ರ ಹೇಳುತ್ತೇನೆ. ಬಾಗಿಲು ಬಿಚ್ಚಿದ ಮೇಲೆ, ಸಿಲ್ ಕತ್ತರಿಸುವ ಮುಂಚೆ, ಬಾಗಿಲ ಬಾಯಿಗೆ ಚೌಕ ಪೈಪ್ ಅಡ್ಡ ಕೊಟ್ಟು ವೆಲ್ಡ್ ಮಾಡಿ. ಇಲ್ಲದಿದ್ದರೆ ಬಾಡಿ ಮಧ್ಯಕ್ಕೆ ಕುಸಿಯುತ್ತದೆ, ಆಮೇಲೆ ಯಾವ ಬಾಗಿಲೂ ಮುಚ್ಚಲ್ಲ. ಇನ್ನೊಂದು, ಚಾಸಿಯಿಂದ ಬಾಡಿ ಎತ್ತಲೇಬೇಕು. ನಮ್ಮ ಗೋಡೌನಿನ ಗರ್ಡರಿಗೆ ಚೈನ್ ಬ್ಲಾಕ್ ಹಾಕಿ, ಕಾಫಿ ಕುಯ್ಯಲು ಬಂದಿದ್ದ ಹುಡುಗರನ್ನು ಸಂಜೆ ಕರೆದು ಎತ್ತಿಸಿ, ಸಿಲ್ವರ್ ಓಕ್ ದಿಮ್ಮಿ ಮೇಲೆ ಕೂರಿಸಿದೆ. ಬಾಡಿ ಕೆಳಗಿನ ರಬ್ಬರ್ ಬುಷ್‌ಗಳು ಕೂತಿದ್ದ ಜಾಗದಲ್ಲೇ ಅತಿ ಕೆಟ್ಟ ತುಕ್ಕು ಇತ್ತು. ಬಾಡಿ ಎತ್ತದೆ ಮಾಡಿದ್ದರೆ ಅದು ಕಾಣುತ್ತಲೇ ಇರಲಿಲ್ಲ.

ತಗಡಿಗೆ 1.2 ಮಿ.ಮೀ. ಸಿ.ಆರ್. (ಕೋಲ್ಡ್ ರೋಲ್ಡ್) ಉಕ್ಕಿನ ಶೀಟ್. ಎಂಟು ಅಡಿಗೆ ನಾಲ್ಕು ಅಡಿಯ ಒಂದು ಶೀಟ್ ಸುಮಾರು 28 ಕೆ.ಜಿ. ತೂಗುತ್ತದೆ, ಎರಡು ಸಾವಿರದ ಮೇಲೆ ಸ್ವಲ್ಪ ಬಿತ್ತು. ಪ್ಲೈವುಡ್ಡಿನಲ್ಲಿ ಸಿಲ್‌ನ ಅಚ್ಚು ಮಾಡಿ, ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಬೆಂಡಿಂಗ್ ಮಾಡಿಸಿದೆ. ಮಿಗ್ ವೆಲ್ಡಿಂಗ್ ಮಷಿನ್ ಸೆಕೆಂಡ್ ಹ್ಯಾಂಡ್, 22 ಸಾವಿರ. ನಮ್ಮ ಲೈನಿನಲ್ಲಿ ಸಂಜೆ ವೋಲ್ಟೇಜ್ 180ಕ್ಕೆ ಇಳಿಯುತ್ತದೆ, ಆಗ ವೆಲ್ಡ್ ಬರೀ ಮೇಲೆ ಕೂರುತ್ತದೆ, ಒಳಗೆ ಇಳಿಯಲ್ಲ. ಅದಕ್ಕೆ ವೆಲ್ಡಿಂಗ್ ಎಲ್ಲಾ ಮಧ್ಯಾಹ್ನ, ಇಲ್ಲ ರಾತ್ರಿ ಹತ್ತರ ಮೇಲೆ. ಒಂದು ಚುಕ್ಕೆ ಇಲ್ಲಿ, ಇನ್ನೊಂದು ಒಂದು ಗೇಣು ಆಚೆ. ಎಲ್ಲೂ ಉದ್ದಕ್ಕೆ ಎಳೆಯಲಿಲ್ಲ. ನನ್ನ ಫ್ಲೋರಿನ ಮೇಲೆ ಸ್ಕೇಲ್ ಇಟ್ಟು ನೋಡಿ, ಬೆಳಕು ತೂರಲ್ಲ.

ಇನ್ನು ತುಕ್ಕು ತೆಗೆಯುವುದು. ಬಾಗಿಲ ಹಿಂಜ್, ಬ್ರ್ಯಾಕೆಟ್, ಬಂಪರ್ ಹಿಡಿಕೆ, ಡಿಕ್ಕಿ ಬಾಗಿಲಿನ ಒಳಚೌಕಟ್ಟು ಇವಕ್ಕೆಲ್ಲ ಗ್ರೈಂಡರ್ ಹೋಗಲ್ಲ. ನಾನು ಮಾಡಿದ್ದು ಬೆಲ್ಲದ ನೀರು. ಮಂಡ್ಯ ಕಡೆಯ ಆಲೆಮನೆಯಿಂದ ಮಾರಾಟಕ್ಕೆ ಬಾರದ ಕಪ್ಪು ಬೆಲ್ಲ ತರಿಸಿದೆ, ಕೆ.ಜಿ.ಗೆ 30 ರೂಪಾಯಿ ಆಸುಪಾಸು. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ ಉದ್ದಕ್ಕೆ ಸೀಳಿ, ಹೆಚ್ಚುಕಡಿಮೆ ಒಂದು ಪಾಲು ಬೆಲ್ಲಕ್ಕೆ ಒಂಬತ್ತು ಪಾಲು ನೀರು. ಎರಡು ವಾರ ಬಿಟ್ಟು ತೆಗೆದರೆ ತುಕ್ಕು ಕೆಸರಿನಂತಾಗಿ ಜಾರಿ ಹೋಗುತ್ತದೆ, ಕೆಳಗೆ ಬೂದು ಬಣ್ಣದ ಗಟ್ಟಿ ಕಬ್ಬಿಣ. ಆ್ಯಸಿಡ್ ತರ ಒಳ್ಳೆ ಕಬ್ಬಿಣ ತಿನ್ನಲ್ಲ. ಅಲ್ಯೂಮಿನಿಯಂ, ಸತುವಿನ ಸಾಮಾನು ಮಾತ್ರ ಹಾಕಲೇಬೇಡಿ. ಪರೀಕ್ಷೆಗೆ ಅಂತ ಒಂದು ಹಾಳು ಪಂಪಿನ ಅಲ್ಯೂಮಿನಿಯಂ ಮುಚ್ಚಳ ಹಾಕಿದ್ದೆ, ಮೈತುಂಬಾ ಗುಳಿ ಬಿದ್ದು ಬಂತು. ಮತ್ತೆ, ಆನೆ ಓಡಾಡುವ ಕಡೆ ಈ ಡ್ರಮ್ಮನ್ನು ಹೊರಗೆ ಇಡಬೇಡಿ. ಹುಳಿ ಬಂದ ಬೆಲ್ಲದ ವಾಸನೆ ಬಹಳ ದೂರ ಹೋಗುತ್ತದೆ. ನಾನು ಗೋಡೌನಿನ ಒಳಕೋಣೆಯಲ್ಲಿ ಇಟ್ಟು ಬೀಗ ಹಾಕಿದ್ದೆ.

ಬೆಲ್ಲ ನೆನೆಯುವ ಹೊತ್ತಿಗೆ ಬೇರೆಯವೂ ನೋಡಿದೆ. ಕಾಚಂಪುಳಿ (ನಮ್ಮ ಕೊಡಗಿನ ಅಡುಗೆಯ ಕಪ್ಪು ಹುಳಿ) ಹಾಕಿದರೆ ಬೋಲ್ಟುಗಳು ಒಂದೇ ರಾತ್ರಿಗೆ ಚೊಕ್ಕ. ಆದರೆ ಆ ಬೆಲೆಗೆ ಬೋಲ್ಟ್ ಹೊಸದೇ ಬರುತ್ತದೆ, ಅವ್ವನ ಬೈಗುಳ ಬೇರೆ. ಕಾಫಿ ಪಲ್ಪಿಂಗ್ ಮಾಡಿದ (ಹಣ್ಣಿನ ಸಿಪ್ಪೆ ಬಿಡಿಸಿದ) ಹುಳಿ ನೀರಿನಲ್ಲೂ ನೆನೆಸಿದೆ. ತುಕ್ಕು ಅರ್ಧ ಬಿಟ್ಟಿತು, ಉಳಿದದ್ದು ಕಪ್ಪಾಯಿತು, ನಾತ ತಡೆಯಲಾಗಲಿಲ್ಲ. ಈ ಕಪ್ಪು ಬಣ್ಣ ನೋಡಿದ ಮೇಲೆ ತೀರ್ಥಹಳ್ಳಿಯ ನೆಂಟರಿಂದ ಅಡಿಕೆ ಬೇಯಿಸಿದ ಚೊಗರು ತರಿಸಿದೆ. ಅಂಗಡಿಯಲ್ಲಿ ಸಿಗುವ ತುಕ್ಕು ಕನ್ವರ್ಟರುಗಳಲ್ಲೂ (ತುಕ್ಕನ್ನೇ ಕಪ್ಪು ಪದರ ಮಾಡುವ ದ್ರವ) ಕೆಲಸ ಮಾಡುವುದು ಬಹಳಷ್ಟು ಸಲ ಟ್ಯಾನಿನ್ ಅನ್ನುವ ಒಗರಿನ ಅಂಶವೇ, ಚೊಗರಿನಲ್ಲಿ ಅದು ಬೇಕಾದಷ್ಟಿದೆ. ಚಾಸಿಯ ಒಂದು ಪಕ್ಕಕ್ಕೆ ಚೊಗರು, ಇನ್ನೊಂದು ಪಕ್ಕಕ್ಕೆ ಅಂಗಡಿಯದು. ವೈರ್ ಬ್ರಷ್ ಹೊಡೆದು ಹಚ್ಚಿದರೆ ಎರಡೂ ನೀಲಿ ಕಪ್ಪಾದವು. ಮೇಲೆ ಎಪಾಕ್ಸಿ ಪ್ರೈಮರ್ ಹಾಕಿದ ಕಡೆ ಈವರೆಗೆ ವ್ಯತ್ಯಾಸ ಕಂಡಿಲ್ಲ. ಪ್ರೈಮರ್ ಹಾಕದೆ ಬಿಟ್ಟ ತುಂಡಿನಲ್ಲಿ ಒಂದು ಮಳೆಗೇ ತುಕ್ಕು ವಾಪಸ್.

ಎಲ್ಲರೂ ಸೋಲುವುದು ಇದರ ಮುಂದಿನ ಹೆಜ್ಜೆಯಲ್ಲಿ. ತುಕ್ಕು ಬಿಟ್ಟ ಕಬ್ಬಿಣ ತೊಳೆದು ಹೊರಗಿಟ್ಟರೆ ನಮ್ಮ ಜುಲೈ ಗಾಳಿಯಲ್ಲಿ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಕಿತ್ತಳೆ ಬಣ್ಣ ಬರುತ್ತದೆ. ಮಡಿಕೇರಿಯಲ್ಲಿ ವರ್ಷಕ್ಕೆ 3 ಸಾವಿರ ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ಮಳೆ ಇಲ್ಲದ ದಿನವೂ ಮಂಜು. ಕಣದಲ್ಲಿ ಒಣಗಿಸೋಣ ಅಂದರೆ ಬಿಸಿಲಿರುವ ಡಿಸೆಂಬರಿಂದ ಮಾರ್ಚ್‌ವರೆಗೆ ಕಣ ತುಂಬಾ ಕಾಫಿ. ಮನೆಯಲ್ಲಿ ಆಗಲ್ಲ ಅಂತ ಎಲ್ಲರೂ ಹೇಳಿದ್ದು ಇದಕ್ಕೇ.

ನಮ್ಮಲ್ಲಿ ಹಳೆ ಏಲಕ್ಕಿ ಒಣಗಿಸುವ ಗೂಡು ಇದೆ. ಏಲಕ್ಕಿ ಹೋಗಿ ಎಷ್ಟೋ ವರ್ಷ ಆಯಿತು, ಸೌದೆ ಇಡುವುದಕ್ಕೆ ಬಳಸುತ್ತಿದ್ದೆವು. ಹೊರಗಿನಿಂದ ಬೆಂಕಿ, ಒಳಗೆ ಹೊಗೆ ಪೈಪ್, ಮೇಲೆ ಜಾಲರಿ ಹಲಗೆ. ಪೈಪಿನ ತೂತು ಮುಚ್ಚಿಸಿ ಬೆಂಕಿ ಹಾಕಿದೆ. ಒಳಗೆ 50 ಡಿಗ್ರಿ ಸಲೀಸಾಗಿ ಬಂತು, ಹೊಗೆ ಒಳಗೆ ಬರಲಿಲ್ಲ. ಬೆಲ್ಲದಿಂದ ತೆಗೆದ ತುಂಡನ್ನು ಪ್ರೆಶರ್ ವಾಷರಿನಲ್ಲಿ ತೊಳೆದು, ಹಂಡೆಯ ಕುದಿಯುವ ನೀರಿನಲ್ಲಿ ಅದ್ದಿ, ಹಬೆ ಏಳುತ್ತಿರುವಾಗಲೇ ಗೂಡಿಗೆ. ಕಬ್ಬಿಣವೇ ಬಿಸಿ ಇದ್ದರೆ ನೀರು ತಾನಾಗಿ ಹಾರಿ ಹೋಗುತ್ತದೆ, ತುಕ್ಕಿಗೆ ಸಮಯವೇ ಸಿಗಲ್ಲ. ಕುದಿಯುವ ನೀರಿಗೆ ನಾನು ಇನ್ನೊಂದು ಪುಡಿ ಒಂದು ಹಿಡಿ ಹಾಕುತ್ತೇನೆ. ಅದು ಯಾವುದು ಅಂತ ಸದ್ಯಕ್ಕೆ ಹೇಳಲ್ಲ.

ಗೂಡಿನಿಂದ ತೆಗೆದದ್ದನ್ನು ಕೈ ತಡೆಯುವಷ್ಟು ಬಿಸಿ ಇರುವಾಗ ಪ್ರೈಮರ್ ಹಾಕಬೇಕು. ಆದರೆ ಗೂಡಿನ ಹತ್ತಿರ ಅಲ್ಲ. ಥಿನ್ನರ್ ಆವಿಗೆ ಬೆಂಕಿ ಸಿಕ್ಕರೆ ಮುಗೀತು. ನಾನು ಅಂಗಳದ ಆಚೆ ಬದಿಯ ಶೆಡ್ಡಿಗೆ ಒಯ್ಯುತ್ತಿದ್ದೆ. ಎರಡು ಭಾಗದ ಎಪಾಕ್ಸಿಯೇ ಆಗಬೇಕು. ಬರೀ ರೆಡ್ ಆಕ್ಸೈಡ್ ತೇವ ಹೀರುತ್ತದೆ. ಹೀಗೆ ಸುರಿಯುವ ಜುಲೈ, ಆಗಸ್ಟಿನಲ್ಲಿ ಬಿಡಿ ಭಾಗಗಳೆಲ್ಲ ಮುಗಿದವು. ಭಾವ ಒಂದು ದಿನ ಬಂದು ಗೂಡಿನಲ್ಲಿ ಕಾರಿನ ಬಾಗಿಲು ಒಣಗುತ್ತಿರುವುದನ್ನು ನೋಡಿದರು. ಮೊದಲು ನಕ್ಕರು. ಆಮೇಲೆ ಬಾಗಿಲ ಅಂಚು ಉಗುರಿನಲ್ಲಿ ಕೆರೆದು ನೋಡಿ, "ನನ್ನ ಜೀಪಿನ ಬಾನೆಟ್ಟೂ ತರ್ತೀನಿ ಕಣೋ" ಅಂದರು.

ಬಾಡಿಯ ದೊಡ್ಡ ಭಾಗ ಗೂಡಿಗೆ ಹೋಗಲ್ಲ. ಅದಕ್ಕೆ ಮಾರ್ಚ್ ಕೊನೆ, ಕಾಫಿ ಚೀಲಕ್ಕೆ ಹೋಗಿ ಕಣ ಖಾಲಿಯಾದ ಮೇಲೆ. ಹೂಮಳೆ (ಕಾಫಿ ಹೂ ಬಿಡಿಸುವ ಬೇಸಿಗೆ ಮಳೆ) ಇಲ್ಲದ ದಿನ ನೋಡಿಕೊಂಡು, ಮಂಜು ಬಿಟ್ಟ ಹತ್ತು ಗಂಟೆಯಿಂದ ಎರಡು ಗಂಟೆ ಒಳಗೆ ಸ್ಪ್ರೇ. ಮುಂಚೆ ಒಬ್ಬ ಪೇಂಟರ್ ಮಳೆಗಾಲದಲ್ಲೇ ಬಾನೆಟ್ಟಿಗೆ ಎನ್.ಸಿ. (ನೈಟ್ರೋಸೆಲ್ಯುಲೋಸ್) ಬಣ್ಣ ಹೊಡೆದು ಪೂರ್ತಿ ಬಿಳುಚಿಸಿ ಹೋಗಿದ್ದರು, ಕೊಟ್ಟ ಅಡ್ವಾನ್ಸ್ ವಾಪಸ್ ಬರಲಿಲ್ಲ. ನಾನು ಹಾಕಿದ್ದು ಪಿ.ಯು. (ಪಾಲಿಯುರೆಥೇನ್) ಬಣ್ಣ. ಕಂಪ್ರೆಸರಿನಿಂದ ಗನ್‌ವರೆಗೆ ಎರಡು ಕಡೆ ನೀರು ಹಿಡಿಯುವ ಫಿಲ್ಟರ್ ಹಾಕಿದೆ.

ಸಿಲ್ ಒಳಗೆ, ಬಾಗಿಲ ಒಳಗೆ, ಕಂಬಗಳ ಒಳಗೆ ಮೇಣ. ಕೊಡಗಿನಲ್ಲಿ ಜೇನುಮೇಣಕ್ಕೆ ಬರವಿಲ್ಲ. ಕರಗಿಸಿ, ಬೆಂಕಿಯಿಂದ ದೂರ ತಂದು ಟರ್ಪೆಂಟೈನ್ ಬೆರೆಸಿ, ಇನ್ನೊಂದು ಎಣ್ಣೆ ಸೇರಿಸಿ, ಬೋರ್ಡೋ ಹೊಡೆಯುವ ಹ್ಯಾಂಡ್ ಸ್ಪ್ರೇಯರಿಗೆ ಡ್ರಿಪ್ ಪೈಪ್ ಸಿಕ್ಕಿಸಿ ಒಳಗೆ ಹೊಡೆದೆ. ಯಾವುದು ಎಷ್ಟು ಪಾಲು ಅನ್ನುವುದು ನನ್ನ ಹತ್ತಿರವೇ ಇರಲಿ. ನೀರು ಹೋಗುವ ತೂತುಗಳನ್ನು ಮಾತ್ರ ಮೇಣ ಮುಚ್ಚದ ಹಾಗೆ ಕಡ್ಡಿ ಚುಚ್ಚಿ ಬಿಡಿಸಿ. ಬಾಗಿಲು ಕೆಳಗಿನಿಂದ ಕೊಳೆಯುವುದು ಅವು ಕಟ್ಟಿಕೊಂಡೇ.

ದುಡ್ಡಿನ ಲೆಕ್ಕ ನೆನಪಿನಿಂದ, ಸಾವಿರಗಳಲ್ಲಿ ಹೇಳುತ್ತೇನೆ. ಗಾಡಿ, ಮಿಗ್ ಹೇಳಿದೆ. ಶೀಟು, ಬೆಂಡಿಂಗ್ 12. ಎಂಜಿನ್, ಪಂಪು, ನಾಜಲ್ ಸೇರಿ 65ರ ಮೇಲೆ. ಪ್ರೈಮರ್, ಬಣ್ಣ 40ರ ಹತ್ತಿರ. ಮುಂದಿನ ಗಾಜು ಕೊಯಮತ್ತೂರಿನ ಉಕ್ಕಡಂ ಗುಜರಿಯಲ್ಲಿ ಸಿಕ್ಕಿತು, ರಬ್ಬರ್ ಬೀಡಿಂಗ್ ಸೇರಿ 20 ಚಿಲ್ಲರೆ. ಟೈರು, ಸೀಟು 40. ಕೂಲಿ 30. ಬೆಲ್ಲ, ಮೇಣ, ಗ್ಯಾಸು, ಗ್ರೈಂಡರ್ ಚಕ್ರ, ಇಂಥ ಚಿಲ್ಲರೆಯೇ 40 ದಾಟಿತು. ಎಲ್ಲಾ ಸೇರಿ ಮೂರು ಲಕ್ಷದ ಮೇಲೆ ಸ್ವಲ್ಪ. ಆರ್‌ಸಿ ನವೀಕರಣಕ್ಕೆ 2022ರ ಏಪ್ರಿಲ್‌ವರೆಗೆ 600 ರೂಪಾಯಿ ಇದ್ದದ್ದು ನನ್ನ ಸರದಿಗೆ 5 ಸಾವಿರ ಆಗಿತ್ತು, ಹಸಿರು ತೆರಿಗೆ ಬೇರೆ. ಸೌದೆ ತೋಟದ್ದೇ, ಅದನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಸಿಲ್‌ನ ಪ್ಲೈವುಡ್ ಅಚ್ಚು ಇನ್ನೂ ಅಟ್ಟದ ಮೇಲಿದೆ. ಟಾಟಾ ಎಸ್ಟೇಟ್ ಗಾಡಿ ಇರುವವರು ಬಂದು ಅಳತೆ ತೆಗೆದುಕೊಳ್ಳಬಹುದು. ಅಚ್ಚು ಮಾತ್ರ ಹೊರಗೆ ಕೊಡಲ್ಲ. ನನ್ನ ಗಾಡಿಯಲ್ಲಿ ಎಡಗಡೆ ಹಿಂದಿನ ಪವರ್ ವಿಂಡೋ ಮೋಟಾರ್ ಇನ್ನೂ ಎಳೆಯುತ್ತಿಲ್ಲ. ಬಿಚ್ಚಿ ಟೇಬಲ್ ಮೇಲೆ ಇಟ್ಟಿದ್ದೇನೆ, ಕಾರ್ಬನ್ ಬ್ರಷ್ ಸವೆದಿದೆ. ಮಿಕ್ಸಿಯ ಬ್ರಷ್ ಉಜ್ಜಿ ಕೂರಿಸಲು ಆಗುತ್ತಾ ಅಂತ ಈ ವಾರ ನೋಡುತ್ತಿದ್ದೇನೆ.