ಗುಹೆ ನೋಡುವ ವಾರಾಂತ್ಯ: ಜೇಬಿಗೂ ಮೊಣಕಾಲಿಗೂ ಭಾರವಾಗದ ಹಾಗೆ

ಯಾವುದಾದರೂ ಹೆಸರಾಂತ ಗುಹೆಯ ಬಾಗಿಲಲ್ಲಿ ಶನಿವಾರ ಮಧ್ಯಾಹ್ನ ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಯಾರ ಮನೆಯ ಪ್ಲಾನ್ ಎಲ್ಲಿ ಕೆಟ್ಟಿದೆ ಅಂತ ಗೊತ್ತಾಗಿಬಿಡುತ್ತದೆ. ಒಬ್ಬರಿಗೆ ಟಿಕೆಟ್ ತೆಗೆದ ಮೇಲೆ ಅಜ್ಜಿಯ ಮೊಣಕಾಲಿನ ನೆನಪಾಗಿರುತ್ತದೆ. ಇನ್ನೊಬ್ಬರು ಅಡಿ ಸವೆದ ಚಪ್ಪಲಿಯಲ್ಲಿ ಒದ್ದೆ ಕಲ್ಲಿನ ಮೇಲೆ ಗೋಡೆ ಹಿಡಿದು ನಿಂತಿರುತ್ತಾರೆ. ಮತ್ತೊಂದು ಮನೆಯವರು ಒಳಗೇ ಹೋಗಿರುವುದಿಲ್ಲ. ಮುಂದಿನ ಬ್ಯಾಚಿಗೆ ಎರಡು ಗಂಟೆ ಕಾಯಬೇಕು, ಅಷ್ಟರಲ್ಲಿ ಪಟ್ಟಿಯಲ್ಲಿರುವ ಇನ್ನೂ ಮೂರು ಜಾಗ ನೋಡಬೇಕು!

ಇವರೆಲ್ಲ ಪಟ್ಟಿಯನ್ನು ಉಲ್ಟಾ ಬರೆದವರು. ಬೆಟ್ಟ, ಕೆರೆ, ಜಲಪಾತ ಎಲ್ಲ ಬರೆದು ಕೊನೆಗೆ 'ಗುಹೆ' ಅಂತ ಸೇರಿಸಿರುತ್ತಾರೆ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಸಮಯ, ಟಿಕೆಟ್, ಮೆಟ್ಟಿಲು, ಮಳೆ ಎಲ್ಲದರ ತಕರಾರೂ ಗುಹೆಯದೇ. ಅದಕ್ಕೇ ಗುಹೆಯನ್ನು ಮೊದಲು ಗಟ್ಟಿ ಮಾಡಿಕೊಳ್ಳಿ, ಉಳಿದಿದ್ದನ್ನು ಅದರ ಸುತ್ತ ಜೋಡಿಸಿ. ಖರ್ಚು ಅರ್ಧಕ್ಕರ್ಧ ಇಲ್ಲೇ ಹತೋಟಿಗೆ ಬರುತ್ತದೆ.

ಹೆಜ್ಜೆ 1: ದೂರಕ್ಕೊಂದು ಮಿತಿ ಹಾಕಿ

ಎರಡು ದಿನದ ಪ್ರವಾಸಕ್ಕೆ ಒಂದು ಕಡೆಗೆ ನಾಲ್ಕು ಗಂಟೆಗಿಂತ ಜಾಸ್ತಿ ದಾರಿ ಬೇಡ. ಮ್ಯಾಪ್ ತೋರಿಸುವ ನಾಲ್ಕು ಗಂಟೆಯಲ್ಲ, ಮಕ್ಕಳನ್ನು ಎರಡು ಸಲ ಇಳಿಸಿ ಹತ್ತಿಸಿದ ನಾಲ್ಕು ಗಂಟೆ. ದೂರ ಹೆಚ್ಚಾದರೆ ಇಂಧನದ ಖರ್ಚು ಮಾತ್ರ ಏರುವುದಿಲ್ಲ. ದಾರಿಯಲ್ಲೊಂದು ಊಟ, ಸುಸ್ತಾಗಿ ಇನ್ನೊಂದು ರಾತ್ರಿ ಉಳಿದುಬಿಡೋಣ ಅನ್ನುವ ಮಾತು, ಎಲ್ಲ ಅದರ ಬೆನ್ನಿಗೇ ಬರುತ್ತವೆ.

ಹೆಜ್ಜೆ 2: ಅದು ಯಾವ ಥರದ ಗುಹೆ ಅಂತ ತಿಳಿದುಕೊಳ್ಳಿ

ದೊಡ್ಡ ದೊಡ್ಡ ಗುಹೆಗಳಲ್ಲಿ ಹೆಚ್ಚಿನವು ಸುಣ್ಣಕಲ್ಲಿನವು. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಆಮ್ಲವಾಗುತ್ತದೆ. ಆ ನೀರು ಬಿರುಕುಗಳಲ್ಲಿ ಇಳಿದು ಸಾವಿರಾರು ವರ್ಷ ಕಲ್ಲನ್ನು ಕರಗಿಸಿದಾಗ ಇಂಥ ಗುಹೆ ಆಗುತ್ತದೆ. ಅಂದರೆ ನೀವು ನಡೆಯುವುದು ನೀರಿನ ದಾರಿಯಲ್ಲಿ. ನೆಲ ಜಾರುತ್ತದೆ, ಮಳೆ ಬಂದರೆ ನೀರು ತನ್ನ ಹಳೇ ದಾರಿಗೆ ವಾಪಸ್ ಬರಬಹುದು.

ಲಾವಾ ಹರಿದು ಹೋಗಿ ಉಳಿದ ಕೊಳವೆ ಗುಹೆಗಳೂ ಇವೆ, ದಕ್ಷಿಣ ಕೊರಿಯಾದ ಜೆಜು ದ್ವೀಪದಲ್ಲಿ ಇರುವಂಥವು. ಅಲ್ಲಿ ನೆಲ ಒರಟು, ಬಿದ್ದರೆ ಮಂಡಿ ತರಚುತ್ತದೆ. ಸಮುದ್ರದ ದಂಡೆಯ ಗುಹೆಯಾದರೆ ಉಬ್ಬರ ಇಳಿತದ ವೇಳಾಪಟ್ಟಿ ನೋಡದೆ ಹೊರಡಲೇಬೇಡಿ. ಇನ್ನು ಅಜಂತಾ, ಎಲ್ಲೋರದಂಥವು ಮನುಷ್ಯರೇ ಕೊರೆದ ಗುಹೆಗಳು. ಅಲ್ಲಿ ಕತ್ತಲೆಗಿಂತ ಬಿಸಿಲು ಮತ್ತು ಮೆಟ್ಟಿಲಿನ ಕಾಟ ಜಾಸ್ತಿ. ವಾರದ ರಜೆಯನ್ನೂ ನೋಡಿಕೊಳ್ಳಿ: ಅಜಂತಾ ಸೋಮವಾರ ಮುಚ್ಚಿರುತ್ತದೆ, ಎಲ್ಲೋರ ಮಂಗಳವಾರ. ಸೋಮವಾರದ ರಜೆ ಸೇರಿಸಿಕೊಂಡು ಉದ್ದನೆಯ ವಾರಾಂತ್ಯಕ್ಕೆ ಹೊರಟವರು ಬೀಗ ಹಾಕಿದ ಗೇಟಿನ ಮುಂದೆ ಫೋಟೋ ತೆಗೆಸಿಕೊಂಡು ಬರುವುದು ಇದಕ್ಕೇ.

ಗುಹೆಯ ಉದ್ದ ಕೇಳಿ ಹೆದರಬೇಕಿಲ್ಲ. ಆಂಧ್ರದ ಬೆಲುಂ ಗುಹೆ 3,229 ಮೀಟರ್ ಉದ್ದವಿದ್ದರೂ ಜನರಿಗೆ ತೆರೆದಿರುವುದು ಸುಮಾರು ಒಂದೂವರೆ ಕಿಲೋಮೀಟರ್. ಅಮೆರಿಕದ ಮ್ಯಾಮತ್ ಕೇವ್ ಜಗತ್ತಿನಲ್ಲೇ ಉದ್ದದ್ದು, ಅಳತೆ ಸಿಕ್ಕಿರುವುದೇ 680 ಕಿಲೋಮೀಟರ್‌ಗೂ ಹೆಚ್ಚು. ನಿಮಗೆ ತೋರಿಸುವುದು ಅದರಲ್ಲಿ ಒಂದು ಚೂರು.

ಮಕ್ಕಳು, ಹಿರಿಯರು ಜೊತೆಗಿದ್ದರೆ ದೀಪ, ಕಂಬಿ, ದಾರಿ ತೋರಿಸುವವರು ಇರುವ ಗುಹೆಗೆ ಮಾತ್ರ ಹೋಗಿ. ರೀಲ್ಸ್‌ನಲ್ಲಿ 'ಯಾರಿಗೂ ಗೊತ್ತಿಲ್ಲದ, ಫ್ರೀ ಗುಹೆ' ಅಂತ ಬಂದರೆ ಮೇಲಕ್ಕೆ ತಳ್ಳಿ ಮುಂದೆ ಹೋಗಿ. ಅಂಥ ಗುಹೆ ಹೊಕ್ಕುವವರು ತಲೆಗೆ ಹೆಲ್ಮೆಟ್, ಒಬ್ಬೊಬ್ಬರಿಗೆ ಮೂರು ಬೇರೆ ಬೇರೆ ದೀಪ ಇಟ್ಟುಕೊಂಡು ಹೋಗುತ್ತಾರೆ. ರಾಶಿಬಿದ್ದ ಬಾವಲಿ ಹಿಕ್ಕೆಯ ದೂಳಿನಿಂದ ಶ್ವಾಸಕೋಶದ ಸೋಂಕು ಬರುವುದೂ ಉಂಟು.

ಹೆಜ್ಜೆ 3: ಖರ್ಚನ್ನು ತಲೆಗೆ ಇಷ್ಟು ಅಂತ ಅಲ್ಲ, ಮನೆಗೆ ಇಷ್ಟು ಅಂತ ಬರೆಯಿರಿ

ಒಂದು ಹಾಳೆ ಸಾಕು. ಹೋಗಿಬರುವ ಖರ್ಚು, ಒಂದು ರಾತ್ರಿಯ ರೂಮು, ಗುಹೆಯ ಟಿಕೆಟ್, ಪಾರ್ಕಿಂಗ್, ಹೊರಗಿನ ಎರಡು ಊಟ. ಒಟ್ಟಿನ ಹತ್ತನೇ ಒಂದು ಪಾಲನ್ನು ಮುಟ್ಟದೆ ಬೇರೆ ಇಡಿ. ಪಂಕ್ಚರ್ ಆದರೆ, ಮಗುವಿಗೆ ಜ್ವರ ಬಂದರೆ ಇರಲಿ ಅಂತ.

ರೂಮನ್ನು ಗುಹೆಯ ಗೇಟಿಗೆ ಅಂಟಿಕೊಂಡ ಕಡೆ ಹಿಡಿಯಬೇಡಿ. ಅರ್ಧ ಗಂಟೆ ದೂರದ ಸಾಧಾರಣ ಊರಿನಲ್ಲಿ ಹಿಡಿಯಿರಿ, ನೀರು ಕಾಯಿಸಿಕೊಳ್ಳುವ ಅನುಕೂಲ ಇದ್ದರೆ ಇನ್ನೂ ಒಳ್ಳೆಯದು. 'ಬೆಟ್ಟದ ನೋಟ'ಕ್ಕೆ ದುಡ್ಡು ಕೊಡುವುದು ದಂಡ. ಹಗಲೆಲ್ಲ ನೀವು ಬೆಟ್ಟದ ಮೇಲೇ ಇರುತ್ತೀರಿ ಅಲ್ವಾ?

ಟಿಕೆಟ್ ತೆಗೆಯುವಾಗ ಮೂರು ಸಂಗತಿ ನೋಡಿ. ಗುಹೆಯವರದೇ ವೆಬ್‌ಸೈಟ್ ಇದ್ದರೆ ಅಲ್ಲೇ ತೆಗೆಯಿರಿ. ನಡುವಿನವರು ಅದೇ ಟಿಕೆಟ್ಟಿಗೆ ಸೇವಾ ಶುಲ್ಕ ಅಂತ ಒಂದಿಷ್ಟು ಕೀಳುತ್ತಾರೆ. ಮಕ್ಕಳಿಗೆ ಎಷ್ಟು ವಯಸ್ಸಿನವರೆಗೆ ಫ್ರೀ ಅಂತ ಓದಿ, ವಯಸ್ಸಿನ ದಾಖಲೆ ಕೈಯಲ್ಲಿರಲಿ. ಮಳೆಯಿಂದ ಗುಹೆ ಮುಚ್ಚಿದರೆ ದುಡ್ಡು ವಾಪಸ್ ಬರುತ್ತದಾ ಅಂತಲೂ ನೋಡಿ. ಗುಹೆ, ವಾಟರ್ ಪಾರ್ಕ್, ಹಗ್ಗದ ಸೇತುವೆ ಮೂರಕ್ಕೂ ಸೇರಿಸಿದ ಕಾಂಬೋ ಟಿಕೆಟ್ ನನಗೆ ಆಗಿಬರುವುದೇ ಇಲ್ಲ. ಲೆಕ್ಕದಲ್ಲಿ ಅಗ್ಗ, ಆದರೆ ಮಕ್ಕಳು ಎರಡನೆಯದಕ್ಕೇ ಸುಸ್ತಾಗಿರುತ್ತಾರೆ. ಮೂರನೆಯದು ಹಾಳು.

ದುಡ್ಡು ಉಳಿಯುವುದು ಬಯಲಿನಲ್ಲಿ. ಮ್ಯಾಮತ್ ಕೇವ್ ಉದ್ಯಾನಕ್ಕೆ ಪ್ರವೇಶ ಶುಲ್ಕವೇ ಇಲ್ಲ, ಗುಹೆಯ ಒಳಗಿನ ಸುತ್ತಾಟಕ್ಕೆ ಮಾತ್ರ ಟಿಕೆಟ್. ಕಾಡಿನ ಕಾಲುದಾರಿಗಳೆಲ್ಲ ಬಿಟ್ಟಿ. ಅಮೆರಿಕದ್ದೇ ನ್ಯೂ ಮೆಕ್ಸಿಕೋ ರಾಜ್ಯದ ಕಾರ್ಲ್ಸ್‌ಬಾಡ್ ಗುಹೆಯಿಂದ ಬೇಸಿಗೆಯ ಸಂಜೆಗಳಲ್ಲಿ ಬಾವಲಿಗಳು ಸುರುಳಿ ಸುತ್ತಿಕೊಂಡು ಹೊರಬರುವುದನ್ನು ಬಾಗಿಲ ಹತ್ತಿರ ಕೂತು ನೋಡುವುದಕ್ಕೆ ಕಾಸು ಕೊಡಬೇಕಿಲ್ಲ. ಮಲೇಷ್ಯಾದ ಬಾಟು ಗುಹೆಯಲ್ಲೂ ದೊಡ್ಡ ದೇವಸ್ಥಾನದ ಗುಹೆಗೆ ಟಿಕೆಟ್ ಇಲ್ಲ. ಆದರೆ 272 ಮೆಟ್ಟಿಲು ಹತ್ತಬೇಕು, ಕೈಯಲ್ಲಿ ತಿಂಡಿ ಇದ್ದರೆ ಮಂಗಗಳಿಗೆ ಲೆಕ್ಕ ಕೊಡಬೇಕು. ನೀವು ಹೋಗುವ ಜಾಗದಲ್ಲೂ ಹೀಗೆ ಏನು ಬಿಟ್ಟಿ ಅಂತ ಮೊದಲು ಹುಡುಕಿ.

ಹೆಜ್ಜೆ 4: ಗುಹೆಯ ಒಳಗಿನ ಎರಡು ಗಂಟೆ

ಹೆಚ್ಚಿನವರು ಎಡವುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಮೊದಲು ಹೊತ್ತು. ಗುಹೆಯನ್ನು ಭಾನುವಾರದ ಮೊದಲ ಬ್ಯಾಚಿಗೆ ಇಟ್ಟುಕೊಳ್ಳಿ. ಅದೇ ದಿನ ಬಂದು ಹೋಗುವವರು ತಲುಪುವುದು ಬೆಳಿಗ್ಗೆ ಹನ್ನೊಂದರ ಮೇಲೆ. ರಾತ್ರಿ ಹತ್ತಿರದಲ್ಲೇ ಮಲಗಿದ ನಿಮಗೆ ಮಾತ್ರ ಮೊದಲ ಬ್ಯಾಚು ಸುಲಭ. ರೂಮಿಗೆ ಕೊಟ್ಟ ದುಡ್ಡಿಗೆ ನಿಜವಾದ ಪ್ರಯೋಜನ ಇದೇ.

ಆಮೇಲೆ ಮೆಟ್ಟಿಲು. ಬೆಟ್ಟವಾದರೆ ಕಾಲಲ್ಲಿ ಕಸುವಿದ್ದಾಗ ಹತ್ತಿ, ಸುಸ್ತಾದಾಗ ಇಳಿಯುತ್ತೇವೆ. ಗುಹೆ ತಿರುಗುಮುರುಗು. ಮೊದಲು ಇಳಿತ, ಕೊನೆಗೆ ಹತ್ತುವುದು. ಇಳಿಯುವಾಗ 'ಏನೂ ಇಲ್ಲಪ್ಪ, ಆರಾಮ' ಅಂದ ಅಜ್ಜಿ ವಾಪಸ್ ಬರುವಾಗ ಅರ್ಧದಲ್ಲಿ ಮೆಟ್ಟಿಲ ಮೇಲೆ ಕೂತುಬಿಡುತ್ತಾರೆ. ಹಿಂದೆ ಇಡೀ ಬ್ಯಾಚು ನಿಲ್ಲುತ್ತದೆ. ಅದಕ್ಕೇ ಟಿಕೆಟ್ ತೆಗೆಯುವ ಮೊದಲೇ ಫೋನ್ ಮಾಡಿ ಕೇಳಿ: ಒಟ್ಟು ಎಷ್ಟು ಮೆಟ್ಟಿಲು, ಒಂದೇ ಸಮ ಇವೆಯಾ, ನಡುವೆ ಕೂರಲು ಜಾಗ ಇದೆಯಾ, ಬಂದ ದಾರಿಯಲ್ಲೇ ವಾಪಸಾ. 'ಸುಲಭವಾಗಿದೆ ಸಾರ್' ಅನ್ನುವ ಉತ್ತರಕ್ಕೆ ತೃಪ್ತರಾಗಬೇಡಿ, ಸಂಖ್ಯೆ ಕೇಳಿ. ಕೆಲವು ಕಡೆ ಸೌಕರ್ಯ ಚೆನ್ನಾಗಿದೆ. ಕಾರ್ಲ್ಸ್‌ಬಾಡ್‌ನಲ್ಲಿ ಲಿಫ್ಟ್ ಇದೆ. ಸ್ಲೊವೇನಿಯಾದ ಪೊಸ್ಟೊಯ್ನಾ ಗುಹೆಯಲ್ಲಿ ಪುಟ್ಟ ರೈಲು ಒಳಗೆ ಕರೆದುಕೊಂಡು ಹೋಗುತ್ತದೆ, ನಡೆಯಬೇಕಾದ್ದು ಸುಮಾರು ಒಂದೂವರೆ ಕಿಲೋಮೀಟರ್. ಏನೂ ಇಲ್ಲದಿದ್ದರೆ ಒಬ್ಬರು ಹಿರಿಯರ ಜೊತೆ ಹೊರಗೆ ನೆರಳಲ್ಲಿ ಕೂರಲಿ, ಆ ಟಿಕೆಟ್ಟಿನ ದುಡ್ಡೂ ಉಳಿಯುತ್ತದೆ.

ಬಟ್ಟೆಯ ವಿಚಾರದಲ್ಲಿ 'ಗುಹೆ ಅಂದರೆ ತಂಪು' ಅಂತ ಎಲ್ಲರೂ ಸ್ವೆಟರ್ ಹೊತ್ತುಕೊಂಡು ಬರುತ್ತಾರೆ. ಆಳದ ಗುಹೆಯೊಳಗಿನ ಉಷ್ಣತೆ ಹೆಚ್ಚುಕಡಿಮೆ ಆ ಊರಿನ ವರ್ಷದ ಸರಾಸರಿಯಷ್ಟೇ ಇರುತ್ತದೆ, ಬೇಸಿಗೆಯಾಗಲಿ ಚಳಿಗಾಲವಾಗಲಿ. ಚಳಿ ದೇಶದ ಪೊಸ್ಟೊಯ್ನಾದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್, ಅಲ್ಲಿ ಜಾಕೆಟ್ ಬೇಕೇ ಬೇಕು. ಸೆಕೆಯ ಸೀಮೆಯ ಗುಹೆಯಲ್ಲಿ ಒಳಗೂ ಸೆಕೆಯೇ, ಮೇಲಿಂದ ತೇವ ಬೇರೆ. ಹತ್ತು ನಿಮಿಷದಲ್ಲಿ ಅಂಗಿ ಬೆನ್ನಿಗೆ ಅಂಟುತ್ತದೆ, ಕನ್ನಡಕ ಮಂಜಾಗುತ್ತದೆ. ಅಲ್ಲಿಗೆ ತೆಳು ಹತ್ತಿ ಬಟ್ಟೆ, ಒಂದು ಟವೆಲ್ ಸಾಕು.

ಚಪ್ಪಲಿ ಬೇಡವೇ ಬೇಡ. ಅಡಿಯಲ್ಲಿ ಗೀರು ಇರುವ ರಬ್ಬರ್ ಅಟ್ಟೆಯ ಶೂ ಬೇಕು. ಸಾವಿರಾರು ಜನ ನಡೆದ ಸುಣ್ಣಕಲ್ಲು ಒದ್ದೆಯಾದಾಗ ಸೋಪು ಬಿದ್ದ ಬಚ್ಚಲಿನ ಹಾಗೆ. ಹೊರಡುವ ಹಿಂದಿನ ದಿನ ಎಲ್ಲರ ಶೂ ತಿರುಗಿಸಿ ನೋಡಿ, ಗೀರಿನೊಳಗೆ ಉಗುರು ಇಳಿಯದಿದ್ದರೆ ಅದನ್ನು ಬಿಟ್ಟು ಬನ್ನಿ. ಅಗ್ಗದ 'ವಾಟರ್‌ಪ್ರೂಫ್' ಶೂಗಳಲ್ಲಿ ಎಷ್ಟೋ ಕಡೆ ಅಟ್ಟೆ ಗಟ್ಟಿ ಪ್ಲಾಸ್ಟಿಕ್. ನೀರು ಒಳಗೆ ಬರುವುದಿಲ್ಲ ನಿಜ, ನೀವು ಮಾತ್ರ ಜಾರುತ್ತೀರಿ. ಹೊಸ ಶೂ ಅಂತೂ ಆ ದಿನವೇ ಹಾಕಬೇಡಿ.

ದೀಪ ಇರುವ ಗುಹೆಯಾದರೂ ಮನೆಗೆ ಎರಡು ಟಾರ್ಚ್ ಇರಲಿ, ಕರೆಂಟ್ ಹೋಗುವುದು ಹೇಳಿ ಕೇಳಿ ಅಲ್ಲ. ನನ್ನ ಆಯ್ಕೆ ತಲೆಗೆ ಕಟ್ಟುವ, ಸೆಲ್ ಬದಲಿಸಬಹುದಾದ ಟಾರ್ಚ್. ಡಬ್ಬದ ಮೇಲೆ ಸಾವಿರಗಟ್ಟಲೆ ಲ್ಯೂಮೆನ್ (ಬೆಳಕಿನ ಅಳತೆ) ಅಂತ ಬರೆದ ಅಗ್ಗದ ಟಾರ್ಚ್ ನಂಬಬೇಡಿ. ಮೊಬೈಲ್ ಟಾರ್ಚ್ ಕೊನೆಯ ಆಸರೆ ಮಾತ್ರ, ಒಂದು ಕೈ ಅದಕ್ಕೇ ಹೋದರೆ ಕಂಬಿ ಹಿಡಿಯುವುದು ಯಾವುದರಿಂದ?

ಮಕ್ಕಳಿಗೆ ಕತ್ತಲೆಯ ಅಭ್ಯಾಸ ಮನೆಯಲ್ಲೇ ಆಗಲಿ. ಕೆಲವು ಗುಹೆಗಳಲ್ಲಿ ಗೈಡ್ ಒಂದು ನಿಮಿಷ ದೀಪವೆಲ್ಲ ಆರಿಸುತ್ತಾರೆ. ಹೇಳದೆ ಕೇಳದೆ ಹಾಗಾದರೆ ಮಗು ಚೀರುತ್ತದೆ, ಮೊದಲೇ ಹೇಳಿದ್ದರೆ ಅದೇ ಪ್ರವಾಸದ ಅತಿ ಮಜದ ನಿಮಿಷ. ಹೊರಗೆ ರಾತ್ರಿಯಾದರೆ ಕಣ್ಣು ಮೆಲ್ಲಗೆ ಹೊಂದಿಕೊಳ್ಳುತ್ತದೆ. ಒಳಗೆ ಬೆಳಕಿನ ಚೂರೂ ಇಲ್ಲ, ಎಷ್ಟು ಹೊತ್ತು ಕಾದರೂ ಏನೂ ಕಾಣುವುದಿಲ್ಲ. ಆದರೂ ಮುಖದ ಮುಂದೆ ಕೈ ಆಡಿಸಿದರೆ ಕೈ ಕಂಡಂತೆ ಎಷ್ಟೋ ಜನರಿಗೆ ಅನಿಸುತ್ತದೆ. ಅದು ಮೆದುಳು ಮಾಡುವ ಆಟ. ಮಕ್ಕಳಿಗೆ ಇದನ್ನು ಮಾಡಿ ನೋಡಲು ಹೇಳಿ, ಹೆದರಿಕೆ ಮರೆತುಹೋಗುತ್ತದೆ.

ಹಸುಗೂಸನ್ನು ಎದೆಗೆ ಕಟ್ಟಿಕೊಳ್ಳಿ. ಬೆನ್ನಿಗೆ ಹೊರುವ ಚೌಕಟ್ಟಿನ ಬ್ಯಾಗು ಬೇಡ, ಹೆಗಲ ಮೇಲೆ ಕೂರಿಸುವುದಂತೂ ಬೇಡವೇ ಬೇಡ. ಚಾವಣಿ ತಗ್ಗಿದಾಗ ನೀವು ತಲೆ ಬಗ್ಗಿಸುತ್ತೀರಿ, ಮಗುವಿನ ತಲೆ ಎಲ್ಲಿದೆ ಅಂತ ನಿಮಗೆ ಕಾಣುವುದಿಲ್ಲ. ಮ್ಯಾಮತ್ ಕೇವ್‌ನಂಥ ಕಡೆ ಬೆನ್ನಿನ ಬ್ಯಾಗನ್ನೂ ತಳ್ಳುಗಾಡಿಯನ್ನೂ ಒಳಗೆ ಬಿಡುವುದೇ ಇಲ್ಲ. ಒಳಗೆ ಹೋಗುವ ಮುಂಚೆ ಎಲ್ಲರೂ ಶೌಚಾಲಯಕ್ಕೆ ಹೋಗಿಬನ್ನಿ. 'ನನಗೆ ಬಂದಿಲ್ಲ' ಅನ್ನುವ ಮಗುವನ್ನೂ ಕಳಿಸಿ.

ಮೇಲಿಂದ ಜೋತುಬಿದ್ದ ಕಲ್ಲಿನ ಕಡ್ಡಿಗಳನ್ನು ಮುಟ್ಟಲು ಬಿಡಬೇಡಿ. ಅವು ಬೆಳೆಯುವುದು ಸಾಮಾನ್ಯವಾಗಿ ವರ್ಷಕ್ಕೆ ಕೂದಲೆಳೆಯಷ್ಟು. ಕೈಯ ಜಿಡ್ಡು ಮೆತ್ತಿದ ಜಾಗದಲ್ಲಿ ನೀರಿನ ಸುಣ್ಣ ಸರಿಯಾಗಿ ಹಿಡಿಯುವುದಿಲ್ಲ. ಪ್ರವಾಸಿಗಳ ದಾರಿಯಲ್ಲಿ ಕೈಗೆಟಕುವ ಕಲ್ಲುಗಳು ಮಾತ್ರ ಕಪ್ಪಾಗಿ ಮಿರುಗುವುದನ್ನು ಗಮನಿಸಿ.

ಹೆಜ್ಜೆ 5: ಮಳೆಯ ಮುನ್ಸೂಚನೆ ಇದ್ದರೆ ಮುಂದೂಡಿ

ಇದರಲ್ಲಿ ಚೌಕಾಸಿ ಇಲ್ಲ. ಥಾಯ್ಲೆಂಡಿನ ಥಾಮ್ ಲುವಾಂಗ್ ಗುಹೆಗೆ 2018ರ ಜೂನ್ 23ರಂದು ಹೋದ 12 ಹುಡುಗರು ಮತ್ತು ಅವರ ಕೋಚ್ ಮಳೆನೀರು ದಾರಿ ಮುಚ್ಚಿದ್ದರಿಂದ ಒಳಗೇ ಸಿಕ್ಕಿಬಿದ್ದರು. ಕೊನೆಯವರನ್ನು ಹೊರತಂದದ್ದು ಜುಲೈ 10ಕ್ಕೆ. ಗುಹೆಯ ಬಾಗಿಲಲ್ಲಿ ಬಿಸಿಲಿದ್ದರೂ ಹಿಂದಿನ ಬೆಟ್ಟದಲ್ಲಿ ಮಳೆ ಸುರಿಯುತ್ತಿರಬಹುದು. ಸಿಬ್ಬಂದಿ 'ಇವತ್ತು ಬೇಡ' ಅಂದರೆ ಅವರ ಜೊತೆ ವಾದಕ್ಕೆ ನಿಲ್ಲಬೇಡಿ.

ಹೆಜ್ಜೆ 6: ಬಯಲಿನ ಕಾರ್ಯಕ್ರಮ

ಶನಿವಾರ ಸಂಜೆ ಒಂದು, ಭಾನುವಾರ ಗುಹೆ ಮುಗಿದ ಮೇಲೆ ಇನ್ನೊಂದು. ಅಷ್ಟೇ. ಶನಿವಾರ ನಡೆಯುವಂಥದ್ದು ಇರಲಿ, ಭಾನುವಾರ ಕೂರುವಂಥದ್ದು. ನೀರಿಗಿಳಿಯುವ ಆಟ ಶನಿವಾರವೇ ಮುಗಿಯಲಿ, ಒದ್ದೆ ಬಟ್ಟೆ ಒಣಗಲು ರಾತ್ರಿಯಿದೆ.

ಹೆಜ್ಜೆ 7: ಬುತ್ತಿ ಮತ್ತು ಬ್ಯಾಗು

ಎರಡು ಊಟವನ್ನಾದರೂ ಮನೆಯಿಂದ ಕಟ್ಟಿಕೊಳ್ಳಿ. ಹಸಿದ ಮಕ್ಕಳ ಜೊತೆ ಪ್ರವಾಸಿ ತಾಣದ ಅಂಗಡಿ ಮುಂದೆ ನಿಂತರೆ ಬಜೆಟ್ ಮುಗಿದ ಹಾಗೆಯೇ. ತಿಂಡಿಯನ್ನು ಗುಹೆಯೊಳಗೆ ಮಾತ್ರ ಒಯ್ಯಬೇಡಿ, ಬಿದ್ದ ತುಣುಕಿಗೆ ಇಲಿ, ಹುಳ ಬರುತ್ತವೆ. ನೀರಿನ ಬಾಟಲಿ, ಬದಲಿ ಸಾಕ್ಸ್, ಬ್ಯಾಂಡೇಜ್, ಒಂದು ದೊಡ್ಡ ಪ್ಲಾಸ್ಟಿಕ್ ಚೀಲ.

ಹೆಜ್ಜೆ 8: ವಾಪಸ್ ಬಂದ ಮೇಲೆ

ಆ ಚೀಲ ಕೆಸರಿನ ಶೂಗಳಿಗೆ. ಮನೆಗೆ ಬಂದು ಅವನ್ನು ಉಜ್ಜಿ ತೊಳೆದು, ಬಿಸಿಲಿಗೆ ಒಣಗಿಸಿ ಇಡಿ, ಮುಂದಿನ ಗುಹೆಗೆ ಇದೇ ಕೆಸರು ಹೋಗಬಾರದು. ಉತ್ತರ ಅಮೆರಿಕದಲ್ಲಿ ಚಳಿಗಾಲದ ನಿದ್ದೆಯಲ್ಲಿರುವ ಬಾವಲಿಗಳನ್ನು ಲಕ್ಷಗಟ್ಟಲೆ ಕೊಂದ ಬಿಳಿಮೂಗಿನ ರೋಗದ ಶಿಲೀಂಧ್ರ ಶೂ, ಬಟ್ಟೆಗೆ ಅಂಟಿಕೊಂಡೂ ಗುಹೆಯಿಂದ ಗುಹೆಗೆ ಹೋಗಬಲ್ಲದು. ಮನುಷ್ಯರಿಗೆ ಅದರಿಂದ ತೊಂದರೆ ಇಲ್ಲ, ಬಾವಲಿಗಳಿಗೆ ಮಾತ್ರ ಅದು ಪ್ರಾಣಕ್ಕೇ ಕುತ್ತು. ಅದಕ್ಕೇ ಮ್ಯಾಮತ್ ಕೇವ್‌ನಲ್ಲಿ ಹೊರಬರುವ ಪ್ರತಿಯೊಬ್ಬರನ್ನೂ ಔಷಧಿ ನೀರಿನ ಮ್ಯಾಟ್ ಮೇಲೆ ನಡೆಸಿ ಕಳಿಸುತ್ತಾರೆ. ಅಂಥ ಮ್ಯಾಟ್ ಇಲ್ಲದ ಗುಹೆಯಾದರೆ ಆ ಕೆಲಸ ನಿಮ್ಮ ಮನೆಯ ಬ್ರಷ್ಷಿನದು.