ಬೋರಾನ್ ಹೆಚ್ಚಿರುವ ಉಪ್ಪುನೀರಿನ ಕ್ಷಾರೀಯತೆಯ ಲೆಕ್ಕ: ನನ್ನ ಅನುಭವ

ಮಂಗಳೂರಿನ ಪ್ರಯೋಗಾಲಯವೊಂದರಲ್ಲಿ ನೀರಿನ ವಿಶ್ಲೇಷಣೆ ಮಾಡುವ ನನಗೆ ಕಡಲ ನೀರು ನಿತ್ಯದ ಪರಿಚಯ. ಲವಣಾಂಶ 35 (ಕಿಲೋಗ್ರಾಮಿಗೆ ಸುಮಾರು 35 ಗ್ರಾಂ ಉಪ್ಪು) ಇರುವ ಸಮುದ್ರದ ನೀರಿನ ಪ್ರತಿ ಕಿಲೋಗ್ರಾಮಿನಲ್ಲಿ ಸುಮಾರು 4.5 ಮಿಲಿಗ್ರಾಂ ಬೋರಾನ್ ಇರುತ್ತದೆ. ಪಿಎಚ್ 8.1ರಲ್ಲಿ ಅದರ ಕಾಲುಭಾಗದಷ್ಟು ಬೋರೇಟ್ ರೂಪದಲ್ಲಿದ್ದು, 2300 ಮೈಕ್ರೋಮೋಲ್‌ನಷ್ಟಿರುವ ಒಟ್ಟು ಕ್ಷಾರೀಯತೆಗೆ, ಅಂದರೆ ನೀರು ಆಮ್ಲವನ್ನು ಹೀರಿಕೊಳ್ಳಬಲ್ಲ ಶಕ್ತಿಗೆ, ಸುಮಾರು 100ನ್ನು ಸೇರಿಸುತ್ತದೆ. ಪಾಲು ಇಷ್ಟು ಸಣ್ಣದಾದ್ದರಿಂದ ಪಣಂಬೂರಿನ ಕಡಲ ನೀರಿಗೆ, ಅದರಲ್ಲೂ ನೇತ್ರಾವತಿ ಮತ್ತು ಗುರುಪುರ ನದಿಗಳ ಸಿಹಿನೀರು ಕಡಲಿಗೆ ನುಗ್ಗದ ಬೇಸಿಗೆಯಲ್ಲಿ, ಲವಣಾಂಶದಿಂದಲೇ ಬೋರಾನನ್ನು ಅಂದಾಜಿಸಿದರೆ ಸಾಕು. ಈ ಅಂದಾಜಿಗೆ ಬಳಸುವ ಬೋರಾನ್-ಲವಣಾಂಶ ಅನುಪಾತಗಳಲ್ಲಿ 1974ರ ಉಪ್‌ಸ್ಟ್ರೋಮ್ ಅನುಪಾತಕ್ಕೂ 2010ರ ಲೀ ಮತ್ತು ಸಂಗಡಿಗರ ಅನುಪಾತಕ್ಕೂ ಇರುವ ವ್ಯತ್ಯಾಸ ಶೇಕಡಾ 4ರಷ್ಟು ಮಾತ್ರ.

ಲಡಾಖ್‌ನ ಪೂಗಾ ಕಣಿವೆಯಂತಹ, ಬೋರಾಕ್ಸ್ (ಬೋರಾನಿನ ಒಂದು ಲವಣ) ತಾನಾಗಿ ಹರಳುಗಟ್ಟುವ ಕಡೆಯ ನೀರಿನ ವಿಷಯದಲ್ಲಿ ಆ ಅನುಪಾತಗಳಿಗೆ ಅರ್ಥವೇ ಇಲ್ಲ. ಅಲ್ಲಿ ಬೋರಾನನ್ನು ಅಳೆಯಲೇಬೇಕು. ಆಮ್ಲವನ್ನು ಹನಿಹನಿಯಾಗಿ ಸೇರಿಸಿ ಅಳೆಯುವ ಟೈಟ್ರೇಶನ್ ಪಿಎಚ್ 4.5ರ ಹತ್ತಿರ ಮುಗಿಯುವಷ್ಟರಲ್ಲಿ ಬೈಕಾರ್ಬೊನೇಟ್, ಕಾರ್ಬೊನೇಟ್, ಬೋರೇಟ್ ಎಲ್ಲವೂ ತಮ್ಮ ಪಾಲಿನ ಆಮ್ಲವನ್ನು ಹೀರಿಕೊಂಡಿರುತ್ತವೆ. ಬ್ಯುರೆಟ್ ತೋರಿಸುವುದು ಅವುಗಳ ಮೊತ್ತವನ್ನಷ್ಟೇ. ಬೋರಾನಿನ ಅಂಕಿ ಕೊಡದಿದ್ದರೆ ಲೆಕ್ಕ ಹಾಕುವ ತಂತ್ರಾಂಶ ಆ ಮೊತ್ತವನ್ನೆಲ್ಲ ಕಾರ್ಬೊನೇಟಿನ ಖಾತೆಗೇ ಜಮಾ ಮಾಡುತ್ತದೆ.

ಇಂತಹ ನೀರಿನ ಲೆಕ್ಕಕ್ಕೆ ಕೈಹಾಕುವ ಮೊದಲು, ಉತ್ತರ ತೂಕದಿಂದಲೇ ಗೊತ್ತಿರುವ ಒಂದು ದ್ರಾವಣವನ್ನು ನಾನೇ ತಯಾರಿಸಿಕೊಂಡೆ. ಒಂದು ಲೀಟರಿನಲ್ಲಿ 41 ಗ್ರಾಂ ಸೋಡಿಯಂ ಕ್ಲೋರೈಡ್, 0.618 ಗ್ರಾಂ ಬೋರಿಕ್ ಆಮ್ಲ, ಒಲೆಯಲ್ಲಿ ಚೆನ್ನಾಗಿ ಒಣಗಿಸಿದ 1.060 ಗ್ರಾಂ ಸೋಡಿಯಂ ಕಾರ್ಬೊನೇಟ್. ಪಿಎಚ್ ಏರಿಸಲು ಸೋಡಿಯಂ ಹೈಡ್ರಾಕ್ಸೈಡ್ ಬಳಸುವುದನ್ನು ಬೇಕೆಂದೇ ತಪ್ಪಿಸಿದೆ. ನಮ್ಮ ಕರಾವಳಿಯ ಹವೆಯಲ್ಲಿ ಅದರ ಗುಳಿಗೆಗಳು ತಟ್ಟೆಯ ಮೇಲೆಯೇ ನೀರೊಡೆದು, ಗಾಳಿಯ ಇಂಗಾಲದ ಡೈಆಕ್ಸೈಡನ್ನೂ ಹೀರಿ, ತೂಕವನ್ನು ನಂಬಲಾಗದಂತೆ ಮಾಡುತ್ತವೆ. ಈ ದ್ರಾವಣದಲ್ಲಿ ಬೋರಾನ್ 10 ಮಿಲಿಮೋಲ್, ಕರಗಿದ ಅಜೈವಿಕ ಇಂಗಾಲ (ಕಾರ್ಬೊನೇಟ್, ಬೈಕಾರ್ಬೊನೇಟ್, ಕರಗಿದ ಇಂಗಾಲದ ಡೈಆಕ್ಸೈಡುಗಳ ಮೊತ್ತ) 10 ಮಿಲಿಮೋಲ್, ಒಟ್ಟು ಕ್ಷಾರೀಯತೆ 20 ಮಿಲಿಈಕ್ವಿವಲೆಂಟ್. ಬೋರಿಕ್ ಆಮ್ಲ ಕ್ಷಾರೀಯತೆಯ ಮೊತ್ತವನ್ನು ಕೂಡಿಸುವುದೂ ಇಲ್ಲ, ಕಳೆಯುವುದೂ ಇಲ್ಲ. ಕಾರ್ಬೊನೇಟಿಗೆ ಪ್ರೋಟಾನ್ ಬಿಟ್ಟುಕೊಟ್ಟು ಪಿಎಚ್ಚನ್ನು 9.2ರ ಆಸುಪಾಸಿಗೆ ಇಳಿಸಿ, ಮೊತ್ತದೊಳಗಿನ ಹಂಚಿಕೆಯನ್ನಷ್ಟೇ ಬದಲಿಸುತ್ತದೆ. ಆಗ 20ರಲ್ಲಿ ಸುಮಾರು 7 ಬೋರೇಟಿನದು. ಅದೇ ಪಿಎಚ್ ಮತ್ತು ಕ್ಷಾರೀಯತೆಯನ್ನು ಬೋರಾನ್ ಇಲ್ಲದೆ ಲೆಕ್ಕಕ್ಕೆ ಕೊಟ್ಟರೆ ಅಜೈವಿಕ ಇಂಗಾಲ 10ರ ಬದಲು 15 ದಾಟುತ್ತದೆ. ಈ ವಿಷಯವನ್ನು ಕಲಿಯುವವರಿಗೆ ನಾನು ಮೊದಲು ಮಾಡಿಸುವುದೇ ಈ ದ್ರಾವಣವನ್ನು.

ಬೋರಾನ್ ಅಳತೆಗೆ, ಬಿಸಿ ಪ್ಲಾಸ್ಮಾದ ನೆರವಿನಿಂದ ಧಾತುಗಳನ್ನು ಅಳೆಯುವ ಐಸಿಪಿ ಉಪಕರಣ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಮ್ಯಾನಿಟಾಲ್ ವಿಧಾನವನ್ನು ಯಾವ ಕಾಲೇಜಿನ ಪ್ರಯೋಗಾಲಯದಲ್ಲಾದರೂ ಮಾಡಬಹುದು: ಮಾದರಿಯನ್ನು ಆಮ್ಲೀಯಗೊಳಿಸಿ, ನೈಟ್ರೋಜನ್ ಹಾಯಿಸಿ ಇಂಗಾಲದ ಡೈಆಕ್ಸೈಡನ್ನು ಪೂರ್ತಿ ಹೊರಹಾಕಿ, ಪಿಎಚ್ಚನ್ನು 7ಕ್ಕೆ ತಂದು ಮ್ಯಾನಿಟಾಲ್ ಸೇರಿಸಿದರೆ ದುರ್ಬಲ ಬೋರಿಕ್ ಆಮ್ಲ ಬಲವಾದ ಆಮ್ಲದಂತೆ ವರ್ತಿಸುತ್ತದೆ, ಮತ್ತೆ 7ಕ್ಕೆ ಬರುವವರೆಗೆ ಬೇಕಾದ ಕ್ಷಾರವೇ ಬೋರಾನಿನ ಅಳತೆ. ಮಾದರಿಯನ್ನು ಬೋರೋಸಿಲಿಕೇಟ್ ಗಾಜಿನಲ್ಲಿ ಇಡದೆ ಪಾಲಿಎಥಿಲೀನ್ ಬಾಟಲಿಯಲ್ಲಿ ಇಡಬೇಕು. ಪಿಎಚ್ ಮೀಟರನ್ನು ಹೊಂದಿಸಲು ಬಳಸುವ 9.18ರ ಬಫರ್ ಸ್ವತಃ ಬೋರಾಕ್ಸ್ ದ್ರಾವಣವಾದ್ದರಿಂದ, ಎಲೆಕ್ಟ್ರೋಡನ್ನು ಚೆನ್ನಾಗಿ ತೊಳೆಯದೆ ಮಾದರಿಯಲ್ಲಿ ಅದ್ದುವುದೂ ಸಲ್ಲದು.

ಲೆಕ್ಕಕ್ಕೆ ನಾನು ಬಳಸುವುದು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯ ಫ್ರೀಕ್ (PHREEQC) ತಂತ್ರಾಂಶ, ನೀರಿನ ರಾಸಾಯನಿಕ ಸಮತೋಲವನ್ನು ಲೆಕ್ಕ ಹಾಕುವಂಥದ್ದು. ಅದಕ್ಕೆ ಕ್ಷಾರೀಯತೆ ಮತ್ತು ಅಜೈವಿಕ ಇಂಗಾಲ ಎರಡನ್ನೂ ಕೊಟ್ಟರೆ ಪಿಎಚ್ಚನ್ನು ತಾನೇ ಕಂಡುಹಿಡಿಯುತ್ತದೆ, ಮತ್ತು ನನ್ನ ಮಟ್ಟಿಗೆ ಇದೇ ಸರಿಯಾದ ದಾರಿ. ಹೆಚ್ಚು ಉಪ್ಪಿನ ನೀರಿನಲ್ಲಿ ಎಲೆಕ್ಟ್ರೋಡ್ ತೋರಿಸುವ ಪಿಎಚ್, ತೆಳು ಬಫರುಗಳಿಂದ ಹೊಂದಿಸಿದ್ದರೆ, ಅಷ್ಟು ನಿಖರವಾಗಿರುವುದಿಲ್ಲ. ಅದನ್ನು ಆಧಾರವಾಗಿ ಹಿಡಿಯುವುದಕ್ಕಿಂತ ತಾಳೆ ನೋಡಲು ಬಳಸುವುದು ಲೇಸು. ಲೆಕ್ಕದ ಪಿಎಚ್ಚಿಗೂ ಅಳೆದ ಪಿಎಚ್ಚಿಗೂ ದೊಡ್ಡ ಅಂತರ ಬಂದರೆ ಮೊದಲು ಬೋರಾನಿನ ಅಂಕಿಯ ಘಟಕವನ್ನು ನೋಡುತ್ತೇನೆ, ಏಕೆಂದರೆ ವರದಿಗಳಲ್ಲಿ ಅದು ಕೆಲವೊಮ್ಮೆ ಬೋರಾನ್ ಆಗಿಯೂ ಕೆಲವೊಮ್ಮೆ ಬೋರಿಕ್ ಆಮ್ಲವಾಗಿಯೂ ಇರುತ್ತದೆ. ಎರಡರ ನಡುವೆ 5.7 ಪಟ್ಟು ವ್ಯತ್ಯಾಸ.

ನೀರು ಸಮುದ್ರಕ್ಕಿಂತಲೂ ಉಪ್ಪಾಗಿದ್ದರೆ ಆ ತಂತ್ರಾಂಶದಲ್ಲಿ ಹೆಚ್ಚು ಉಪ್ಪಿನ ದ್ರಾವಣಗಳಿಗಾಗಿ ಇರುವ ಪಿಟ್ಜರ್ ದತ್ತಾಂಶ ಕಡತವನ್ನು ಆಯ್ದುಕೊಳ್ಳುತ್ತೇನೆ. ನೀರು ಆವಿಯಾಗುತ್ತ ಹೋಗುವುದನ್ನು ಲೆಕ್ಕ ಹಾಕುವಾಗ ಇದು ಅನಿವಾರ್ಯ: ಕ್ಯಾಲ್ಸೈಟ್ ಕೆಳಗೆ ಕೂರುತ್ತ ಕಾರ್ಬೊನೇಟನ್ನು ಒಯ್ಯುತ್ತದೆ, ಬೋರಾನ್ ದ್ರಾವಣದಲ್ಲೇ ಉಳಿಯುತ್ತದೆ, ಕ್ಷಾರೀಯತೆಯಲ್ಲಿ ಬೋರೇಟಿನ ಪಾಲು ಏರುತ್ತದೆ. ಬೋರಾನ್ 25 ಮಿಲಿಮೋಲ್ ದಾಟಿದ ಮೇಲೆ ಮೂರು ಅಥವಾ ನಾಲ್ಕು ಬೋರಾನ್ ಪರಮಾಣುಗಳು ಕೂಡಿದ ಪಾಲಿಬೋರೇಟ್ ಅಯಾನುಗಳೂ ಲೆಕ್ಕಕ್ಕೆ ಬರುತ್ತವೆ, ಆ ಕಡತದಲ್ಲಿ ಅವೂ ಇವೆ.