ಎಳೆ ಬರ್ಬನ್ ರುಚಿ ನೋಡುವುದು ಹೇಗೆ: ನನ್ನ ಅನುಭವ

ಬರ್ಬನ್ ಅಂದರೆ ಮುಖ್ಯವಾಗಿ ಮೆಕ್ಕೆಜೋಳದಿಂದ ಮಾಡುವ ಅಮೆರಿಕದ ವಿಸ್ಕಿ. ಅದರ ಬಾಟಲಿ ಕೈಗೆ ಬಂದ ಕೂಡಲೇ ನಾನು ನೋಡುವುದು ಹಿಂದಿನ ಲೇಬಲ್. ಅಮೆರಿಕದ ಕಾನೂನಿನ ಪ್ರಕಾರ ವಿಸ್ಕಿ ನಾಲ್ಕು ವರ್ಷಕ್ಕಿಂತ ಕಡಿಮೆ ಕಾಲ ಪೀಪಾಯಿಯಲ್ಲಿ ಇದ್ದಿದ್ದರೆ ಅದರ ವಯಸ್ಸನ್ನು ಬರೆಯಲೇಬೇಕು. ಈ ಸಲ ತಂದಿದ್ದು ನ್ಯೂಯಾರ್ಕ್ ರಾಜ್ಯದ ಹಡ್ಸನ್ ಕಣಿವೆಯ ಒಂದು ಚಿಕ್ಕ ಡಿಸ್ಟಿಲರಿಯದು. 14 ತಿಂಗಳು ಅಂತ ಬರೆದಿತ್ತು. 'ಸ್ಟ್ರೈಟ್' ಅನ್ನುವ ಪದ ಎಲ್ಲೂ ಇರಲಿಲ್ಲ, ಇರುವಂತೆಯೂ ಇಲ್ಲ, ಅದಕ್ಕೆ ಕನಿಷ್ಠ ಎರಡು ವರ್ಷ ಬೇಕು. ಸುಮ್ನೆ ಬರ್ಬನ್ ಅನ್ನಿಸಿಕೊಳ್ಳಲು ಮಾತ್ರ ಇಂತಿಷ್ಟು ವರ್ಷ ಅಂತ ನಿಯಮವೇ ಇಲ್ಲ. ಕಾಳಿನಲ್ಲಿ ಕನಿಷ್ಠ 51% ಮೆಕ್ಕೆಜೋಳ ಇರಬೇಕು, ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಗೆ ತುಂಬಬೇಕು, ತುಂಬುವಾಗ ಆಲ್ಕೋಹಾಲ್ 62.5% ದಾಟಬಾರದು.

ಚಿಕ್ಕ ಡಿಸ್ಟಿಲರಿಗಳು ಯಾಕೆ ಇಷ್ಟು ಎಳೆಯದನ್ನು ಮಾರುತ್ತವೆ ಅಂದರೆ, ಕಾಯುವಷ್ಟು ದುಡ್ಡು ಇರುವುದಿಲ್ಲ. ಇದರಲ್ಲಿ ತಪ್ಪೇನಿಲ್ಲ. ಇದೇ ಕಣಿವೆಯ ಗಾರ್ಡಿನರ್ ಊರಿನಲ್ಲಿ 2003ರಲ್ಲಿ ಶುರುವಾದ ಟಟ್‌ಹಿಲ್‌ಟೌನ್ ಕೂಡ ಹೀಗೇ ಮಾಡಿತು. ಅವರ ಹಡ್ಸನ್ ಬೇಬಿ ಬರ್ಬನ್ ಚಿಕ್ಕ ಪೀಪಾಯಿಯಲ್ಲಿ ಬೆಳೆದು, 375 ಮಿಲಿಯ ಗಿಡ್ಡ ಬಾಟಲಿಯಲ್ಲಿ ಬರುತ್ತಿತ್ತು. ಹೆಸರಲ್ಲೇ 'ಬೇಬಿ' ಅಂತ ಹಾಕಿ ಎಳೆಯದು ಅಂತ ನೇರವಾಗಿ ಹೇಳಿದ್ದು ನನಗೆ ಇವತ್ತಿಗೂ ಮೆಚ್ಚುಗೆ.

ಈಗ ಗ್ಲಾಸಿಗೆ ಬರೋಣ. ಬಾಯಿ ಕಿರಿದಾದ ಗ್ಲೆನ್‌ಕೇರ್ನ್ ಗ್ಲಾಸಿಗೆ ಸ್ವಲ್ಪವೇ ಹಾಕಿ, ಮೂಗು ಹಾಕದೆ ಹತ್ತು ಹದಿನೈದು ನಿಮಿಷ ಹಾಗೇ ಬಿಡುತ್ತೇನೆ. ಹಳೆ ಬರ್ಬನ್‌ಗೆ ಇಷ್ಟು ಕಾಯಬೇಕಾಗಿಲ್ಲ, ಎಳೆಯದಕ್ಕೆ ಕಾಯಲೇಬೇಕು. ಮೊದಲು ಏಳುವುದು ನೇಲ್ ಪಾಲಿಶ್ ಥರದ ಘಾಟು, ಈಥೈಲ್ ಅಸಿಟೇಟ್ ಅನ್ನುವ ರಾಸಾಯನಿಕ ಜಾಸ್ತಿ ಇದ್ದರೆ ಬರುವಂಥದ್ದು. ಸಾರಿನ ಪುಡಿ ಹುರಿಯುವಾಗ ಹಸಿ ವಾಸನೆ ಹೋಗುವವರೆಗೆ ಕಾಯುತ್ತೇವಲ್ಲ, ಹಾಗೆ ಇದಕ್ಕೂ ಸಮಯ ಕೊಡಬೇಕು. ಘಾಟು ಇಳಿದ ಮೇಲೆ ಈ ಬಾಟಲಿಯಲ್ಲಿ ಬಂದಿದ್ದು ಬೇಯಿಸಿದ ಮೆಕ್ಕೆಜೋಳದ ತೆನೆಯ ವಾಸನೆ. ಅಷ್ಟು ಸ್ಪಷ್ಟವಾಗಿ, ಅಷ್ಟು ಸಿಹಿಯಾಗಿ ಹತ್ತು ವರ್ಷದ ಬರ್ಬನ್‌ನಲ್ಲಿ ಜೋಳ ಸಿಗುವುದೇ ಇಲ್ಲ, ಅಷ್ಟು ಹೊತ್ತಿಗೆ ಮರ ಅದನ್ನು ಮುಚ್ಚಿಬಿಟ್ಟಿರುತ್ತದೆ. ನಾನು ಎಳೆಯದನ್ನು ಕೊಳ್ಳುವುದೇ ಈ ಜೋಳಕ್ಕಾಗಿ.

ಮೊದಲ ಗುಟುಕನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ನಾಲಿಗೆ ಆಲ್ಕೋಹಾಲ್‌ಗೆ ಒಗ್ಗಿಕೊಳ್ಳಲಿ ಅಂತ. ಎರಡನೆಯದರಲ್ಲಿ ವೆನಿಲಾ, ಸುಟ್ಟ ಸಕ್ಕರೆ, ಸ್ವಲ್ಪ ಚಕ್ಕೆ ಸಿಕ್ಕವು. ನುಂಗಿದ ಮೇಲೆ ನಾಲಿಗೆಯ ಎರಡೂ ಬದಿ ಒಗರು ಹಿಡಿದು, ಹಸಿ ಮರದ ಚಕ್ಕೆ ಅಗಿದಂತೆ ಒಣಗಿತು. ಇದು ಚಿಕ್ಕ ಪೀಪಾಯಿಯ ಗುರುತು. ದೊಡ್ಡ ಕಂಪನಿಗಳ ಪೀಪಾಯಿ 53 ಗ್ಯಾಲನ್, ಅಂದರೆ ಸುಮಾರು 200 ಲೀಟರ್. ಇಲ್ಲಿ ಬಳಸಿದ್ದು 10 ಗ್ಯಾಲನ್‌ದು. ಅದರಲ್ಲಿ ಪ್ರತಿ ಲೀಟರ್‌ಗೆ ತಗಲುವ ಮರ ಹೆಚ್ಚುಕಡಿಮೆ ಒಂದೂಮುಕ್ಕಾಲು ಪಟ್ಟು. ಹಾಗಾಗಿ ಬಣ್ಣ ಬೇಗ ಬರುತ್ತದೆ, ವೆನಿಲಾ ಬೇಗ ಬರುತ್ತದೆ, ಒಗರೂ ಬೇಗ ಬರುತ್ತದೆ. ಆದರೆ ಗಾಳಿ ನಿಧಾನವಾಗಿ ಒಳಗೆ ಹೋಗಿ ಹಸಿತನ ಕಳೆಯುವ ಕೆಲಸ, ಹಣ್ಣಿನಂಥ ಪರಿಮಳ ಹುಟ್ಟುವ ಕೆಲಸ ಪೀಪಾಯಿ ಚಿಕ್ಕದಾದ ಮಾತ್ರಕ್ಕೆ ಬೇಗ ಆಗುವುದಿಲ್ಲ. ಕೆಂಟಕಿಯ ಬಫಲೋ ಟ್ರೇಸ್ ಡಿಸ್ಟಿಲರಿಯವರು 2006ರಲ್ಲಿ 5, 10, 15 ಗ್ಯಾಲನ್ ಪೀಪಾಯಿಗಳಲ್ಲಿ ಬರ್ಬನ್ ತುಂಬಿಟ್ಟು ನೋಡಿದ್ದರು. ಐದಾರು ವರ್ಷ ಆದ ಮೇಲೆ ಪ್ರಯೋಗ ಕೈಗೂಡಲಿಲ್ಲ ಅಂತ ಅವರೇ ಹೇಳಿಕೊಂಡರು. ಬಿಸಿಲಿಗೂ ಇದರಲ್ಲಿ ದೊಡ್ಡ ಪಾತ್ರವಿದೆ. ನಮ್ಮ ಬೆಂಗಳೂರಿನ ಅಮೃತ್ ಸಿಂಗಲ್ ಮಾಲ್ಟ್ ಸ್ಕಾಟ್ಲೆಂಡ್‌ನದಕ್ಕಿಂತ ಎಷ್ಟೋ ಬೇಗ ಮಾಗುತ್ತದೆ, ಹಾಗೇ ಪೀಪಾಯಿಯಿಂದ ಆವಿಯಾಗಿ ಹೋಗುವುದೂ ಬೆಂಗಳೂರಿನಲ್ಲಿ ಜಾಸ್ತಿ.

ಆಮೇಲೆ ನೀರು. ಸ್ಟ್ರಾದ ತುದಿಯಿಂದ ಒಂದೊಂದೇ ಹನಿ ಹಾಕಿ, ಪ್ರತಿ ಸಲ ಮೂಸಿ ನೋಡುತ್ತೇನೆ. ಕೆಲವು ಎಳೆಯವು ನೀರು ಬಿದ್ದ ತಕ್ಷಣ ಸಪ್ಪೆಯಾಗಿಬಿಡುತ್ತವೆ, ಹಿಂದೆ ಹಿಡಿದು ನಿಲ್ಲಿಸುವ ಮೈಯೇ ಇರುವುದಿಲ್ಲ. ಇದು ಹಾಗಾಗಲಿಲ್ಲ. ನಾಲ್ಕೈದು ಹನಿಗೆ ಒಗರು ಹಿಂದೆ ಸರಿದು, ಜೋಳದ ಜೊತೆ ಕೊಬ್ಬರಿಯ ವಾಸನೆಯೊಂದು ಮೆಲ್ಲಗೆ ಬಂತು. ಆ ಕೊಬ್ಬರಿ ಓಕ್ ಮರದಲ್ಲಿರುವ ಲ್ಯಾಕ್ಟೋನ್ ಅನ್ನುವ ಅಂಶದಿಂದ ಬರುವುದು. ಜೊತೆಗಿದ್ದ ಹಾಸನದ ಗೆಳೆಯ ನೀರಿಲ್ಲದೆ ಕುಡಿದು "ಏನ್ ಗುರೂ, ಘಾಟು ಜಾಸ್ತಿ ಅಲ್ವಾ" ಅಂದಿದ್ದವನು, ನೀರು ಬಿದ್ದ ಮೇಲೆ ಗ್ಲಾಸು ಕೆಳಗಿಡಲಿಲ್ಲ.

ಒಂದೇ ದಿನದ ರುಚಿ ನಂಬಿ ನಾನು ತೀರ್ಮಾನ ಮಾಡುವುದಿಲ್ಲ. ಬಾಟಲಿಯಲ್ಲಿ ವಿಸ್ಕಿ ಕುತ್ತಿಗೆಗಿಂತ ಕೆಳಗೆ ಇಳಿದ ಮೇಲೆ, ಕೆಲವು ವಾರ ಬಿಟ್ಟು ಇನ್ನೊಮ್ಮೆ ನೋಡುತ್ತೇನೆ. ಇದರಲ್ಲಿ ನೇಲ್ ಪಾಲಿಶ್ ಘಾಟು ಹೆಚ್ಚುಕಡಿಮೆ ಹೋಗಿತ್ತು, ಒಗರು ಮಾತ್ರ ಹಾಗೇ ಇತ್ತು. ಕಾಳು ಒಳ್ಳೆಯದು, ಬಟ್ಟಿ ಇಳಿಸಿದ ಕೈಯೂ ಶುದ್ಧವಾಗಿದೆ. ಮರ ಮಾತ್ರ ಅವಸರದ್ದು. ಎಳೆ ಬರ್ಬನ್‌ನಲ್ಲಿ ನಾನು ಹುಡುಕುವುದು ಮೊದಲ ಎರಡನ್ನೇ, ಯಾಕೆಂದರೆ ಬಟ್ಟಿಯಲ್ಲೇ ಕೆಟ್ಟದ್ದನ್ನು ಹತ್ತು ವರ್ಷ ಇಟ್ಟರೂ ಮರ ಪೂರ್ತಿ ಸರಿಮಾಡುವುದಿಲ್ಲ. ಇದೇ ಡಿಸ್ಟಿಲರಿಯವರು ಈಗ 53 ಗ್ಯಾಲನ್ ಪೀಪಾಯಿಗಳನ್ನೂ ತುಂಬಿಡುತ್ತಿದ್ದಾರೆ. ಅವು ನಾಲ್ಕು ವರ್ಷ ದಾಟಿ ಹೊರಬಂದಾಗ ನಾನಂತೂ ಕೊಳ್ಳುತ್ತೇನೆ.